ಕೆಂಪು ದೀಪದ ಯಜಮಾನರು

ಕೆಂಪು ದೀಪ ಉರಿಯುತ್ತಿದ್ದರೆ ನಮ್ಮ ಯಜಮಾನರು ದೇವರ ಮನೆಯೊಳಕ್ಕೂ ಕಾಲಿಡುತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಾನು ಕಣ್ಣಾರೆ ಕಂಡವಳು. ಒಂದು ದೀಪಾವಳಿಗೆ, ಚೆಂದ ಕಾಣಲಿ ಎಂದು ದೇವರ ಪಟದ ಮೇಲೆ ಕೆಂಪು ಜೀರೋ ಬಲ್ಬು ಹಾಕಿದ್ದೆ. ಮಂಗಳಾರತಿಯ ಹೊತ್ತಿಗೆ ತಿರುಗಿ ನೋಡಿದರೆ ಇವರು ಹೊಸ್ತಿಲಾಚೆ ಕೈಮುಗಿದು ನಿಂತಿದ್ದಾರೆ.

"ಒಳಗೆ ಬನ್ರೀ" ಎಂದೆ.

"ಮೊದ್ಲು ಅದನ್ನ ಹಸ್ರು ಮಾಡು" ಎಂದರು.

ತಮಾಷೆಗೆ ಅಂದರೋ ನಿಜಕ್ಕೇ ಅಂದರೋ, ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಗೊತ್ತಾಗಲಿಲ್ಲ. ಬಲ್ಬನ್ನಂತೂ ಬದಲಾಯಿಸಿದೆ.

ಅವರು ಡಿಪ್ಲೊಮಾ ಕಾಲೇಜಿನಲ್ಲಿ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಮೇಷ್ಟ್ರು. ನಾನು ಎಸ್ಸೆಸ್ಸೆಲ್ಸಿ. ನಿವೃತ್ತರಾದ ಮೇಲೆ ಬೇರೆ ಗಂಡಸರು ತೋಟ, ಯೋಗ, ಬೀಗರ ಊರು ಎಂದು ಹಿಡಿದರೆ, ಇವರು ನಮ್ಮೂರ ಸರ್ಕಲ್ಲನ್ನು ಹಿಡಿದರು. ಮಾಗಡಿ ಸೀಮೆಯ ಸಣ್ಣ ಊರು ನಮ್ಮದು. ಕುದೂರಿನ ಬಸ್ಸು, ಬಿಡದಿ ಕಾರ್ಖಾನೆಗಳಿಗೆ ಜನ ತುಂಬಿಕೊಂಡು ಹೋಗುವ ಬಸ್ಸು, ರೇಷ್ಮೆಗೂಡು ಹೊತ್ತ ಆಟೋ, ತಿಪ್ಪಸಂದ್ರದ ಟ್ರ್ಯಾಕ್ಟರು ಎಲ್ಲವೂ ಅಲ್ಲೇ ಬಂದು ಮೂತಿಗೆ ಮೂತಿ ಕೊಟ್ಟು ನಿಲ್ಲುತ್ತಿದ್ದವು. ಯಾರು ಜೋರಾಗಿ ಬೈಯುತ್ತಾರೋ ಅವರು ಮೊದಲು ಹೋಗುವುದು ನಮ್ಮಲ್ಲಿನ ಪದ್ಧತಿ. ಇಷ್ಟು ಸೊಗಸಾದ ಪದ್ಧತಿ ಇರುವಾಗ ಸಿಗ್ನಲ್ಲು ಬೇಕೆಂದು ಇವರನ್ನು ಕೇಳಿದವರು ಯಾರು? ಯಾರೂ ಇಲ್ಲ!

ಮೊದಲ ಸರ್ಕಲ್ಲು ಹುಟ್ಟಿದ್ದು ನಮ್ಮ ಪಡಸಾಲೆಯಲ್ಲಿ. ನನ್ನ ರಂಗೋಲಿ ಪುಡಿಯಲ್ಲೇ ನಾಲ್ಕು ರಸ್ತೆ ಎಳೆದರು. ಚನ್ನಪಟ್ಟಣಕ್ಕೆ ಹೋಗಿ ಮರದ ಕಾರು, ಮರದ ಬಸ್ಸು ತಂದರು. ಜೊತೆಗೊಂದು ಆನೆಯೂ ಬಂತು.

"ಆನೆ ಯಾಕ್ರೀ?"

"ಕನಕಪುರದ ಕಡೆ ರಸ್ತೆಗೆ ಬರಲ್ವಾ? ನಾಳೆ ಇಲ್ಗೂ ಬಂದ್ರೆ?"

ಆ ನಿಜವಾದ ಆನೆ ಬರುವವರೆಗೆ ಪಡಸಾಲೆಯಲ್ಲಿ ನಾವು ಗೋಡೆ ಹಿಡಿದು ಓಡಾಡಬೇಕಾಯಿತು. ನಡುವೆ ಒಂದು ಪೆಟ್ಟಿಗೆ, ಅದರಿಂದ ಹೊರಟ ವೈರುಗಳು, ಕಡಲೆಕಾಳಿನಷ್ಟು ದೀಪಗಳು. ಅದರ ಗುಟ್ಟನ್ನು ನನಗೆ ಹೀಗೆ ಹೇಳಿಕೊಟ್ಟರು: "ಇದ್ರ ತಲೆ ಬಹಳ ಚಿಕ್ಕದು ಕಣೇ. ಈಗ ಯಾರ ಸರದಿ ಅನ್ನೋದೊಂದೇ ನೆನಪಿಟ್ಕೊಳ್ತದೆ. ಗಡಿಯಾರ ಟಿಕ್ ಅಂದಂಗೆಲ್ಲ ಎಣಿಸ್ತದೆ. ಎಣಿಕೆ ಮುಗೀತು, ಮುಂದಿನೋರ ಸರದಿ. ಅಡ್ಡಡ್ಡ ಬಂದು ಡಿಕ್ಕಿ ಹೊಡಿಯೋರಿಗೆ ಒಟ್ಟಿಗೆ ಹಸ್ರು ಜನ್ಮದಲ್ಲಿ ಕೊಡಬಾರ್ದು. ಹಸ್ರಿಂದ ಒಂದೇ ಸಲ ಕೆಂಪಿಗೂ ಹಾರಬಾರ್ದು. ನಡುವೆ ಹಳದಿ ತೋರ್ಸಿ ಎಚ್ಚರಿಕೆ ಕೊಡ್ಬೇಕು."

"ನಿಮ್ಮಮ್ಮ ಮೂರು ಜನ ಸೊಸೇರನ್ನ ಒಂದೇ ಒಲೆ ಮುಂದೆ ಹಿಂಗೇ ನಡ್ಸಿದ್ದು" ಎಂದೆ.

ಅವರು ವೈರುಗಳಿಂದ ತಲೆಯೆತ್ತಿ, "ಅಮ್ಮನ ಹತ್ರ ಹಳದಿ ಇರ್ಲಿಲ್ಲ" ಎಂದರು.

ಅಂತೂ ಪುರಸಭೆಯವರು, ಬಿಟ್ಟಿ ಸಿಗುವ ಸಿಗ್ನಲ್ಲನ್ನು ಬೇಡ ಎನ್ನುವುದು ಹೇಗೆ ಎಂದುಕೊಂಡು, ಸರ್ಕಲ್ಲಿನಲ್ಲಿ ಕಂಬ ನೆಡಲು ಒಪ್ಪಿದರು. ಇವರ ಉತ್ಸಾಹ ಕೇಳಬೇಕೆ! ಗಾಡಿಯೇ ಇಲ್ಲದ ರಸ್ತೆಗೆ ಹಸಿರು ಕೊಟ್ಟು ಕಾಲ ಕಳೆಯಬಾರದೆಂದು ಡಾಂಬರಿನ ಕೆಳಗೆ ತಂತಿಯ ಸುರುಳಿ ಹೂಳಿಸಿದರು. ಮೇಲೆ ಕಬ್ಬಿಣ ಬಂದು ನಿಂತರೆ ಪೆಟ್ಟಿಗೆಗೆ ಸುದ್ದಿ ಮುಟ್ಟುತ್ತದೆ, ಆ ರಸ್ತೆಗೆ ಸರದಿ ಸಿಗುತ್ತದೆ. ಮೊದಲ ದಿನವೇ ಬಂದವನು ಒಬ್ಬ ಕುರಿಯವನು, ಹಿಂದೆ ಹಿಂಡು. ನಿಂತ. ನಿಂತೇ ನಿಂತ. ಕುರಿಗೆ ಕಬ್ಬಿಣ ಎಲ್ಲಿಂದ ಬರಬೇಕು?

"ಏನ್ ಮೇಷ್ಟ್ರೇ, ಎಲ್ಲಾರ್ಗೂ ಹಸ್ರು ಬತ್ತದೆ, ನಮ್ಗೇ ಇಲ್ವಾ? ನಮ್ ಕುರಿ ಲೆಕ್ಕಕ್ಕಿಲ್ವಾ?"

ಮೇಷ್ಟ್ರು ತಮ್ಮ ಸ್ಕೂಟರನ್ನು ತಳ್ಳಿಕೊಂಡು ಹೋಗಿ ಕುರಿಗಳ ನಡುವೆ ಸುರುಳಿಯ ಮೇಲೆ ನಿಲ್ಲಿಸಿದರು. ತಕ್ಷಣ ಹಸಿರು! ಹಿಂಡು ದಾಟಿತು. ಸ್ಕೂಟರಿನ ಸೀಟನ್ನು ಮಾತ್ರ ಒಂದು ಕುರಿ ತಿಂದಿತ್ತು. ಮರುದಿನವೇ ಸುರುಳಿ ಹೋಗಿ ಎಲ್ಲರಿಗೂ ಸಮನಾದ ಸರದಿ ಬಂತು.

ಆಮೇಲೆ ನನ್ನ ಗ್ರಹಚಾರ ಶುರುವಾಯಿತು. ಪ್ರತಿ ಸುತ್ತಿನಲ್ಲೂ ನಡೆಯುವವರಿಗೊಂದು ಸರದಿ, ಆಗ ನಾಲ್ಕೂ ಕಡೆ ಕೆಂಪು. ಅದಕ್ಕೆ ಎಷ್ಟು ಹೊತ್ತು ಬೇಕು? "ಬಾರೇ, ಒಸಿ ನಡ್ದು ತೋರ್ಸು" ಎಂದು ನನ್ನನ್ನು ಕರೆದೊಯ್ದರು. ಸರ್ಕಲ್ಲಿನ ಟೀ ಅಂಗಡಿಯವರೆಲ್ಲ ಹೊರಬಂದು ನಿಂತರು. ಮರ್ಯಾದೆ ಪ್ರಶ್ನೆ, ದಡದಡ ನಡೆದೆ.

"ಓಟದ ಪಂದ್ಯ ಅಲ್ಲ ಕಣೇ. ಸಂತೆಗೆ ಹೋಗೋ ಹಂಗೆ ನಡಿ. ನಾನೂ ಹಿಂದೆ ಬತ್ತೀನಿ."

ಸಂತೆಗೆ ಹೋಗುವ ಹಾಗೆ ನಡೆದೆ. ನಡುರಸ್ತೆಯಲ್ಲಿ ತಿರುಗಿ ನೋಡಿದರೆ, ಇವರು ಅರ್ಧದಲ್ಲೇ ನಿಂತು ಕಂಬದ ತುದಿಯನ್ನು ನೋಡುತ್ತಿದ್ದಾರೆ!

"ಯಾಕೆ ನಿಂತೆ?" ಎಂದು ನನಗೇ ಗದರಿದರು.

"ನೀವು ಬತ್ತಿದೀರೋ ಇಲ್ವೋ ಅಂತ."

"ಬರ್ದೆ ಎಲ್ಲಿಗ್ ಹೋಗ್ತೀನೇ?"

ಮತ್ತೆ ನಡೆಸಿದರು. ಮತ್ತೆ ತಿರುಗಿದೆ. ಇನ್ನೊಮ್ಮೆ ನಡೆಸಿದರು. ತಿರುಗಲೇಬಾರದೆಂದು ಹಲ್ಲು ಕಚ್ಚಿದ್ದೆ, ಕತ್ತು ಕೇಳಲಿಲ್ಲ. ಜಾತ್ರೆ, ಆಸ್ಪತ್ರೆ, ಬಸ್ ಸ್ಟ್ಯಾಂಡು, ಎಲ್ಲಿ ಹೋದರೂ ಏನನ್ನೋ ನೋಡುತ್ತ ಹಿಂದೆ ಉಳಿದುಬಿಡುವ ಮನುಷ್ಯನನ್ನು ಕಟ್ಟಿಕೊಂಡವಳ ಕತ್ತು ಅದು. ಅವರು ಕೈಗಡಿಯಾರ ನೋಡಿ, ಚೀಟಿಯಲ್ಲಿ ಏನೋ ಬರೆದುಕೊಂಡರು.

ಸಿಗ್ನಲ್ಲು ನಡೆಯತೊಡಗಿತು, ಜೊತೆಗೆ ಜಗಳವೂ. ನಡೆಯುವವರ ಸರದಿ ವಿಪರೀತ ಉದ್ದ ಎಂದು ಬಸ್ಸಿನವರ ದೂರು.

"ಮೇಷ್ಟ್ರೇ, ನಿಮ್ ಕೆಂಪ್ ದೀಪದಾಗೆ ಒಂದ್ ಊಟ ಮುಗಿಸ್ಬೋದು!"

"ಮುಗ್ಸಪ್ಪ. ಕೈ ತೊಳ್ಕೊಂಡು ಉಣ್ಣು."

ಹಳೆಯ ಶಿಷ್ಯನೊಬ್ಬ ಈಗ ಪುರಸಭೆಯಲ್ಲಿ ಎಂಜಿನಿಯರು. ಅವನೂ ಬಂದು, "ಸಾರ್, ರಸ್ತೆ ಅಗಲಕ್ಕೆ ಇಷ್ಟು ಬೇಕಿಲ್ಲ. ಲೆಕ್ಕ ತಪ್ಪಿದೆ" ಎಂದ. ಲೆಕ್ಕ ತಪ್ಪಿದೆ ಎಂದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದ ಮನುಷ್ಯ ಅಂದು ನಕ್ಕರು. "ಅದು ಬೇರೆ ಲೆಕ್ಕ ಕಣಪ್ಪ" ಎಂದು ಹೇಳಿ, ಪೆಟ್ಟಿಗೆಯ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. "ಸೆರಗಿಗೆ ಕಟ್ಕೋ. ಯಾರ್ ಕೇಳಿದ್ರೂ ಕೊಡ್ಬೇಡ."

ಹೋದ ವರ್ಷ ಒಂದು ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿರುವಾಗಲೇ ಅವರು ಹೊರಟುಹೋದರು. ಹಸಿರಿನಿಂದ ನೇರ ಕೆಂಪಿಗೆ. ಊರಿಗೆಲ್ಲ ಹಳದಿ ದೀಪ ಹಾಕಿಕೊಟ್ಟ ಮನುಷ್ಯ ನನಗೊಂದನ್ನು ತೋರಿಸಲಿಲ್ಲ.

ತಿಥಿಯ ದಿನ ಊಟದ ಎಲೆ ಎತ್ತುವ ಮುಂಚೆಯೇ ಪುರಸಭೆಯ ಮೆಂಬರು ಪಕ್ಕಕ್ಕೆ ಬಂದು ಕೂತರು.

"ಅಕ್ಕಾ, ಆ ಪೆಟ್ಗೆ ಬೀಗದ್ ಕೈ ನಿಮ್ಮತ್ರ ಐತಂತಲ್ಲ. ನಡ್ಯೋರ ಟೈಮು ಒಸಿ ಕಮ್ಮಿ ಮಾಡ್ಬುಟ್ರೆ ಬಸ್ನೋರ ಗಲಾಟೆ ನಿಲ್ತದೆ."

"ಕೊಡಲ್ಲ."

"ಪಾಪ, ದುಃಖದಲ್ಲಿದೀರಿ..."

"ದುಃಖದಲ್ಲಿದೀನಿ. ಕೊಡಲ್ಲ."

ನಂಟರು ತಲೆಗೊಂದು ಬುದ್ಧಿ ಹೇಳಿದರು. ಗಂಡ ಹೋದವಳಿಗೆ ಸರ್ಕಲ್ಲಿನ ಉಸಾಬರಿ ಯಾಕೆ, ಮನೆಯಲ್ಲಿ ದೇವರ ಧ್ಯಾನ ಮಾಡಿಕೊಂಡಿರಬಾರದೆ? ಯಾಕಿರಬೇಕು? ಸೆರಗಿನ ಗಂಟನ್ನು ಇನ್ನೂ ಬಿಗಿ ಮಾಡಿದೆ. ಬೀಗ ಒಡೆಯುತ್ತಾರೆಂದು ಸುದ್ದಿ ಬಂದ ದಿನ ನಾನೇ ಸರ್ಕಲ್ಲಿಗೆ ಹೋದೆ. ಮೆಂಬರು, ಎಂಜಿನಿಯರು, ಬಸ್ಸಿನ ಏಜೆಂಟ ಮೂವರೂ ಪೆಟ್ಟಿಗೆಯ ಮುಂದೆ ನಿಂತಿದ್ದರು.

"ನಾನು ಈ ರಸ್ತೆ ದಾಟ್ತೀನಿ, ಎಲ್ರೂ ನೋಡಿ" ಎಂದೆ. "ನಾನು ಆ ಕಡೆ ಮುಟ್ಟಿದ ಮೇಲೂ ನಡೆಯೋರ ದೀಪ ಉರೀತಿದ್ರೆ, ಬೀಗದ ಕೈ ನಿಮ್ಮದು."

ಏಜೆಂಟ ನಕ್ಕ. "ಬೇಕಂತ ತೆವ್ಳುಬುಟ್ರೆ?"

"ಸಂತೆಗೆ ಹೋಗೋ ಹಂಗೆ ನಡೀತೀನಿ. ನನ್ನ ನಡಿಗೆ ಈ ಊರಿಗೇ ಗೊತ್ತಲ್ಲ."

ನಾಲ್ಕೂ ಕಡೆ ಕೆಂಪು ಬಿತ್ತು. ಹೊರಟೆ. ಅವರು ಹೇಳಿದ್ದ ಹಾಗೆಯೇ ನಡೆದೆ, ಆತುರವಿಲ್ಲದೆ, ನಿಧಾನವೂ ಇಲ್ಲದೆ. ಇದೇ ಹೆಜ್ಜೆಯಲ್ಲಿ ಹೋದರೆ ದೀಪ ಆರುವ ಮುಂಚೆಯೇ ಆಚೆ ತಲುಪಿಬಿಡುತ್ತೇನೆ ಎಂದು ನಡುವೆ ಬಂದಾಗ ಗೊತ್ತಾಯಿತು. ಎಂಜಿನಿಯರು ಹೇಳಿದ್ದು ಸರಿ, ರಸ್ತೆಗೆ ಇಷ್ಟು ಹೊತ್ತು ಬೇಕಿಲ್ಲ. ಸೋತೆ ಎಂದುಕೊಂಡೆ.

ಅಷ್ಟರಲ್ಲಿ ಕತ್ತು ತಾನಾಗಿ ಹಿಂದಕ್ಕೆ ತಿರುಗಿತು.

ಹಿಂದೆ ಯಾರೂ ಇರಲಿಲ್ಲ. ಬಿಳಿ ಪಟ್ಟೆಗಳು, ನಿಂತ ಬಸ್ಸುಗಳು, ಕಂಬ. ಅವರು ತಲೆಯೆತ್ತಿ ನೋಡುತ್ತ ನಿಲ್ಲುತ್ತಿದ್ದ ಜಾಗವನ್ನು, ಅವರು ಬರುವಷ್ಟು ಹೊತ್ತು, ನೋಡಿದೆ. ಒಂದು ಹಾರನ್ನೂ ಕೂಗಲಿಲ್ಲ. ಆಮೇಲೆ ಮುಂದೆ ನಡೆದೆ. ಆಚೆಯ ಅಂಚಿಗೆ ಕಾಲಿಟ್ಟೆ. ದೀಪ ಬದಲಾಯಿತು.

ಎಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡ. "ಸರ್ಯಾಗೇ ಐತೆ ಬುಡಕ್ಕಾ" ಎಂದು ಏಜೆಂಟನೇ ಅಲ್ಲಿಂದ ಕೂಗಿದ.

ಬೀಗದ ಕೈ ಇನ್ನೂ ನನ್ನ ಸೆರಗಿನಲ್ಲೇ ಇದೆ. ಸಂತೆ ಇರಲಿ ಇಲ್ಲದಿರಲಿ, ನಾನು ದಿನವೂ ಆ ರಸ್ತೆ ದಾಟುತ್ತೇನೆ. ನಡುವೆ ನಿಂತು ತಿರುಗಿ ನೋಡುತ್ತೇನೆ. ಬಸ್ಸಿನವರು ಬೈದುಕೊಳ್ಳಲಿ, ಊಟ ಮುಗಿಸಲಿ, ಕೈ ತೊಳೆಯಲಿ. ಅಷ್ಟು ಹೊತ್ತನ್ನು ಅವರು ನನಗೆಂದೇ ಇಟ್ಟು ಹೋಗಿದ್ದಾರೆ. ಯಾರು ಬಂದು ಕೇಳಿದರೂ ಕೊಡುವುದಿಲ್ಲ.