ಒಡೆಯರಿಲ್ಲದ ಫೈಲುಗಳು

ನಮ್ಮ ಸೋದರಮಾವ ಸ್ವರ್ಗದ ಬಾಗಿಲಿಗೆ ಹೋದರೂ ಒಳಗೆ ಕಾಲಿಡುವ ಮೊದಲು ‘ಇದು ಯಾರ ಹೆಸರಲ್ಲಿದೆ?’ ಎಂದು ಕೇಳಿಯೇ ಕೇಳುತ್ತಾರೆ!

ಪಾಂಡವಪುರದ ಕಾಲೇಜೊಂದರಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕೆಲಸ ಅವರದು. ಮೌಸು ಮುಟ್ಟುವವರಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಯಾರಾದರೂ ಫೈಲು ಕಳೆದುಕೊಂಡು ಅಳುತ್ತ ಬಂದರೆ ಫೈಲಿನ ಹೆಸರು ಕೇಳುವುದಿಲ್ಲ, ಒಡೆಯರ ಹೆಸರು ಕೇಳುತ್ತಾರೆ. ‘ಫೈಂಡ್’ ಎಂದು ಹೊಡೆದು, ‘ಯೂಸರ್’ ಎಂದು ಸೇರಿಸಿ, ಆ ಹೆಸರು ಕೊಟ್ಟರೆ ಮುಗಿಯಿತು, ಅವರ ಫೈಲುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

“ಅದೆಂಗೆ ಮಾವ?” ಎಂದರೆ, “ನಿಮ್ಮತ್ತೆ ಪಾತ್ರೆ ಮ್ಯಾಲೆಲ್ಲ ಎಸ್ರು ಕೊರೆಸಿಲ್ವೇನ್ಲಾ? ಇದೂ ಅಂಗೇಯ!”

ಈ ಚಟ ಕಾಲೇಜಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಕಿಕ್ಕೇರಿಯಲ್ಲಿ ಬೀಗರೂಟ. ಬಾಡಿನ ಸಾರಿನ ಬಕೆಟ್ಟು ಪಂಕ್ತಿಗೆ ಬಂತು. ಬಕೆಟ್ಟು ಯಾರದೆಂದು ತಿಳಿಯದೆ ಇವರಿಗೆ ತುತ್ತು ಇಳಿಯಬೇಕಲ್ಲ! ತಳದಲ್ಲಿ ಕೊರೆದ ಹೆಸರು ಓದಲು ಬಕೆಟ್ಟನ್ನೇ ಓರೆ ಮಾಡಿದರು. ಸಾರೆಲ್ಲ ಗಂಡಿನ ತಂದೆಯ ಪಂಚೆಗೆ! “ಬಕೆಟ್ಟು ಯಾರ್ದಾದ್ರೂ ಆಗ್ಲಿ, ಸಾರು ಮಾತ್ರ ನಂದೇ ಆಯ್ತಲ್ಲಪ್ಪ” ಎಂದರು ಅವರು.

ನಮ್ಮತ್ತೆ ಅದೇ ಕಾಲೇಜಿನಲ್ಲಿ ಟೈಪಿಸ್ಟಾಗಿದ್ದರು. ಅವರು ತೀರಿಕೊಂಡ ಮೇಲೆ ಮಾವ ದಿನವೂ ಕಾಲೇಜಿಗೆ ಬೀಗ ಬೀಳುವವರೆಗೂ ಅಲ್ಲೇ ಕೂತಿರುತ್ತಾರೆ. ಮನೆಗೆ ಹೋದರೆ ಬೈಯುವುದಕ್ಕಾದರೂ ಯಾರಿದ್ದಾರೆ? ನೆನೆದರೆ ಸಂಕಟವಾಗುತ್ತದೆ.

ಮೊನ್ನೆ ನಾಗಮಂಗಲದಿಂದ ಬರುತ್ತ ಕಾಲೇಜಿಗೆ ಹೋಗಿದ್ದೆ. ಹೊಸ ಕಂಪ್ಯೂಟರು ಬಂದಿತ್ತು. ಹಳೆಯದರಲ್ಲಿ ಒಡೆಯರಿಲ್ಲದ ಫೈಲುಗಳಿದ್ದರೆ ಅಳಿಸಿಬಿಡಿ ಎಂದು ಪ್ರಿನ್ಸಿಪಾಲರ ಅಪ್ಪಣೆ. ಮಾವ ಅಂಥವನ್ನು ಹುಡುಕಿದರು. ಬಂದ ಸಾಲುಗಳಲ್ಲಿ ಒಡೆಯರ ಹೆಸರಿರಬೇಕಾದ ಜಾಗದಲ್ಲಿ ಬರೀ ಒಂದು ನಂಬರು. ಎಲ್ಲವೂ ಅತ್ತೆಯವು. ಅತ್ತೆ ಹೋದ ಮೇಲೆ ಅವರ ಹೆಸರನ್ನು ಕಂಪ್ಯೂಟರಿನಿಂದ ತೆಗೆದವರು ಮಾವನೇ. ನಿಯಮವಲ್ಲವೇ! ಹೆಸರು ಹೋಗಿತ್ತು, ಫೈಲುಗಳು ಉಳಿದಿದ್ದವು.

“ಬರೀ ಹಳೇ ನೋಟೀಸು, ಅಳಿಸ್ಬುಡು ಮಾವ” ಎಂದೆ, ಫೈಲುಗಳ ಹೆಸರು ನೋಡಿ.

“ಇವ್ಕೆ ಒಡೇರಿಲ್ಲ ಅಂದೋನು ಯಾವನ್ಲಾ? ನಾನಿಲ್ವಾ?” ಎಂದು ಗದರಿ, ಅಷ್ಟೂ ಫೈಲುಗಳಿಗೆ ಒಡೆಯರೆಂದು ತಮ್ಮ ಹೆಸರು ಹೊಡೆದರು. ಆಮೇಲೆ ಒಂದನ್ನು ತೆರೆದರು. ‘ನೀರು ಕುಡಿದ ಮೇಲೆ ನಲ್ಲಿ ಸರಿಯಾಗಿ ನಿಲ್ಲಿಸಿ’ ಎಂದಿತ್ತು.



“ಮನೇಲೂ ದಿನಾ ಇದ್ನೇ ಯೋಳ್ತಿದ್ಲು ಕಣ್ಲಾ” ಎಂದರು ಮಾವ. “ಈಗ ಯಾರೂ ಯೋಳಾಕಿಲ್ಲ.”