ಸಿದ್ದಲಿಂಗಯ್ಯನವರ ಪಂಚಕ

ಹನುಮಂತನಗರದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಅದನ್ನು ಎರಡು ಯುಗಗಳಾಗಿ ವಿಂಗಡಿಸಬೇಕಾಗುತ್ತದೆ: ಸಿದ್ದಲಿಂಗಯ್ಯನವರು ಮಧ್ಯಾಹ್ನ ಮಲಗಲು ಶುರುಮಾಡುವುದಕ್ಕೆ ಮುಂಚೆ, ಮತ್ತು ಆಮೇಲೆ. ಊಟವಾದ ಮೇಲೆ ಒರಗುವವರು ಈ ಊರಿನಲ್ಲಿ ಲಕ್ಷಾಂತರ ಮಂದಿ ಇದ್ದಾರೆ; ನಾನೂ ಆ ಮಹಾಸೇನೆಯ ಒಬ್ಬ ಸಿಪಾಯಿ. ಆದರೆ ಸಿದ್ದಲಿಂಗಯ್ಯನವರದು ಒರಗುವುದಲ್ಲ. ಚಾಪೆಯ ಮೇಲೆ ಅಂಗಾತ ಮಲಗಿ, ಎರಡೂ ಪಾದ ಜೋಡಿಸಿ, ಬೆಳ್ಳನೆಯ ಹೊದಿಕೆಯನ್ನು ಅಂಗುಷ್ಠದಿಂದ ನೆತ್ತಿಯವರೆಗೆ ಎಳೆದುಕೊಂಡು, ಉಸಿರಾಟವನ್ನು ಅತ್ಯಂತ ಖಾಸಗಿ ವಿಷಯವೆಂಬಂತೆ ಒಳಗೊಳಗೇ ನಡೆಸುತ್ತಾರೆ. ಅದನ್ನು ಕಂಡ ಗ್ಯಾಸ್ ಸಿಲಿಂಡರಿನವನು ಚಪ್ಪಲಿ ಕಳಚಿ ಕೈಮುಗಿದು ಬಿಲ್ಲು ಕೇಳದೆ ಹೋದನಂತೆ. ಮತದಾರರ ಪಟ್ಟಿ ಪರಿಷ್ಕರಿಸಲು ಬಂದ ಮೇಡಂ ಅಲ್ಲಿಯೇ ನಿಂತು ಒಂದು ಹೆಸರಿಗೆ ಗೆರೆ ಎಳೆದರಂತೆ. ಹೂ ಮಾರುವವಳು ಒಂದು ಮೊಳ ಸೇವಂತಿಗೆಯನ್ನು ಕಾಲ ಬಳಿ ಇಟ್ಟು ಕಣ್ಣೊರೆಸಿಕೊಂಡು ಹೋದಳು. ಎದ್ದ ಮೇಲೆ ಅವರು ಅದನ್ನು ದೇವರ ಪಟಕ್ಕೆ ಹಾಕಿದರು. (ಇದರಲ್ಲಿ ಸೇವಂತಿಗೆಯ ಭಾಗವನ್ನು ಮಾತ್ರ ನಾನು ಖಚಿತಪಡಿಸಿಕೊಂಡಿದ್ದೇನೆ.)

ಈ ಮಹಾಪುರುಷರು ನನಗೆ ಏನಾಗಬೇಕು ಎಂದು ಕೇಳುತ್ತೀರಿ. ನನ್ನ ಬಾಡಿಗೆದಾರರು. ನನ್ನ ಏಕೈಕ ಬಾಡಿಗೆ ಮನೆಯ ಏಕೈಕ ಬಾಡಿಗೆದಾರರು.

ಜಯನಗರದಲ್ಲಿ ನಮ್ಮ ಬ್ಲಾಕಿನ ಪಾರ್ಕಿಗೆ ಬೆಳಗ್ಗೆ ವಾಕಿಂಗ್ ಬರುವ ಪ್ರತಿಯೊಬ್ಬನಿಗೂ ‘ಇನ್ನೊಂದು ಮನೆ’ ಇದೆ. ಒಬ್ಬನದು ಜೆ.ಪಿ. ನಗರದಲ್ಲಿ, ಒಬ್ಬನದು ಬಿ.ಟಿ.ಎಂ.ನಲ್ಲಿ. ಇರುವ ಒಂದೇ ಮನೆಗೆ ವಾಪಸು ಹೋಗುವ ದರಿದ್ರ ನಾನೊಬ್ಬನೇ. ನಿವೃತ್ತಿ ಹತ್ತಿರ ಬರುತ್ತಿದ್ದಂತೆ ನಾನೂ ಭೂಪತಿಯಾಗಬೇಕೆಂಬ ಹುಚ್ಚು ಹತ್ತಿತು. ನನ್ನ ಹೆಂಡತಿ ಸೀತಾಲಕ್ಷ್ಮಿ, “ಈ ಮನೆ ನಲ್ಲಿ ಸೋರೋದನ್ನ ಮೊದಲು ನಿಲ್ಸಿ, ಆಮೇಲೆ ಸಾಮ್ರಾಜ್ಯ ಕಟ್ಟಿ” ಎಂದಳು. ಚಕ್ರವರ್ತಿಗಳು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಬ್ರೋಕರ್ ಸೀನು ಹನುಮಂತನಗರದಲ್ಲಿ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯನ್ನು ತೋರಿಸಿದ. ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ, ಮತ್ತು ಮಧ್ಯದಲ್ಲಿ ಬಿಳಿ ಹೊದಿಕೆಯಡಿ ಸಿದ್ದಲಿಂಗಯ್ಯನವರು.

“ಅಯ್ಯೋ, ಇದೇನ್ರೀ ಇದು?” ಎಂದು ನಾನು ಬಾಗಿಲಿಗೇ ಅಂಟಿಕೊಂಡೆ.

“ಬಾಡಿಗೆಯವ್ರು ಸಾರ್. ಮನೆ ಜೊತೆಗೇ ಬರ್ತಾರೆ, ರೆಡಿಮೇಡು. ಅಗರಬತ್ತಿ ಅಂಗಡಿ ಇಟ್ಟಿದ್ರು, ಈಗ ರೆಸ್ಟು. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಗಲಾಟೆ ಇಲ್ಲ. ಗೋಡೆಗೆ ಒಂದು ಮೊಳೆ ಹೊಡೆದಿಲ್ಲ ನೋಡಿ!”

ಕೊಂಡೆ. ಮನೆ ಕೊಳ್ಳುವುದು ಮದುವೆಯಾದ ಹಾಗೆ; ಖರ್ಚು ಛತ್ರದಲ್ಲಿ ಮುಗಿಯಿತೆಂದುಕೊಂಡವನು ಮೂರ್ಖ. ಮೊದಲು ಸಂಪಿನ ಮೋಟಾರು ಕೈಕೊಟ್ಟಿತು. ಆಮೇಲೆ ಬಚ್ಚಲಿನ ನೀರು ಕೆಳಗಿನ ಮನೆಯ ಸಪ್ಪಲಮ್ಮನವರ ದೇವರ ಗೂಡಿನೊಳಕ್ಕೆ ಇಳಿದು ನಿತ್ಯಾಭಿಷೇಕ ಶುರುವಾಯಿತು. ಪ್ಲಂಬರು ಬಂದಾಗ ನೀರು ನಿಲ್ಲುತ್ತಿತ್ತು, ಪ್ಲಂಬರು ಹೋದಾಗ ಹರಿಯುತ್ತಿತ್ತು. ಇಷ್ಟಾದರೂ ಬಾಡಿಗೆ ತಪ್ಪದೆ ಬರುತ್ತಿತ್ತು, ಅದರಿಂದಲೇ ಬ್ಯಾಂಕಿನ ಕಂತು ಹೋಗುತ್ತಿತ್ತು. ಮನೆ ಖಾಲಿ ಬಿದ್ದರೆ ನಾವು ಮುಳುಗಿದೆವು, ಅಷ್ಟೇ ಲೆಕ್ಕ.

ಹೀಗಿರುವಾಗ ಒಂದು ಮಧ್ಯಾಹ್ನ ಸಪ್ಪಲಮ್ಮನ ಫೋನು.

“ಸಾರ್, ನಿಮ್ಮ ಅಜ್ಜಪ್ಪ ಯಾಕೋ ಏಳ್ತಿಲ್ಲ.”

“ಅವರು ಯಾವಾಗ್ಲೂ ಹಾಗೇನಮ್ಮ.”

“ಇಲ್ಲ ಸಾರ್, ಇವತ್ತು ನರಳ್ತಾವ್ರೆ. ದಿನಾ ನರಳಾದ್ನೂ ಮಾಡಾಕಿಲ್ಲ.”

ಓಡಿದೆ. ಮೈ ಸುಡುತ್ತಿತ್ತು. ಬೀದಿಯ ಡಾಕ್ಟರನ್ನು ಕರೆತಂದೆ. ಅವರು ಎದೆಗೆ ಕೊಳವೆ ಇಟ್ಟು, ಚುಚ್ಚಿ, ಗುಳಿಗೆ ಬರೆದು, “ಆಸ್ಪತ್ರೆ ಬೇಡ. ಆದ್ರೆ ವಯಸ್ಸಾಗಿದೆ, ಎದೆ ಕಟ್ಟಿದೆ, ಹೀಗೇ ಅಂತ ಹೇಳೋಕಾಗಲ್ಲ. ಪಕ್ಕದಲ್ಲಿ ಜನ ಇರ್ಲಿ” ಎಂದರು. ಮೆಟ್ಟಿಲ ಮೇಲೆ ನಿಂತು ಸೀತಾಲಕ್ಷ್ಮಿಗೆ ಫೋನು ಮಾಡಿದೆ. ಅವಳು ಅಯ್ಯೋ ಪಾಪ ಎನ್ನಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆ ಸರಿಸುವ ಸದ್ದು ಕೇಳಿಸಿತು.

“ರೀ, ಇವತ್ತಿಂದ ಪಂಚಕ!”

“ಅಂದ್ರೆ?”

“ಅಂದ್ರೆ ನಿಮ್ಮ ತಲೆ! ಧನಿಷ್ಠೆಯಿಂದ ರೇವತಿವರೆಗೆ ಐದು ನಕ್ಷತ್ರ. ಅದರಲ್ಲಿ ಯಾರಾದ್ರೂ ಹೋದ್ರೆ ಆ ಮನೇಗೆ ಬೀಗ ಹಾಕ್ಬೇಕು. ಮೂರು ತಿಂಗಳೋ, ಆರು ತಿಂಗಳೋ. ಆಮೇಲೆ ಶಾಂತಿ. ಆಮೇಲೂ ಆ ಬೀದೀಲಿ ಯಾರು ಬರ್ತಾರೆ ಬಾಡಿಗೆಗೆ? ನಮ್ಮ ದೊಡ್ಡಮ್ಮನ ಮನೇಲಿ ಬೀಗ ತೆಗೆದಾಗ ಹೆಗ್ಗಣ ಸಂಸಾರ ಹೂಡಿತ್ತು, ಗೊತ್ತಾ?”

ನನ್ನ ಕಣ್ಣ ಮುಂದೆ ಬೀಗ, ಹೆಗ್ಗಣ, ಬ್ಯಾಂಕ್ ಮ್ಯಾನೇಜರು ಸಾಲಾಗಿ ಹಾದುಹೋದರು. ಆಗಲೇ ಹೊಳೆಯಿತು ಆ ದಿವ್ಯ ಉಪಾಯ. ಕೋಟೆ ಉಳಿಯಬೇಕಾದರೆ ಅಪಾಯವನ್ನು ಕೋಟೆಯಿಂದ ಹೊರಗೆ ಸಾಗಿಸಬೇಕು! ಸಿದ್ದಲಿಂಗಯ್ಯನವರಿಗೆ ಶಾಲು ಹೊದಿಸಿ, “ನಮ್ಮನೆಗೆ ಬನ್ನಿ ಸಾರ್, ನಾವು ನೋಡ್ಕೋತೀವಿ” ಎಂದೆ. ಅವರ ಕಣ್ಣಲ್ಲಿ ನೀರು ಬಂತು. ಸಪ್ಪಲಮ್ಮ, “ಇಂಥ ಓನರ್ನ ನಾನು ನೋಡೇ ಇಲ್ಲ ಸಾರ್” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಧರ್ಮರಾಯನ ಭಂಗಿಯಲ್ಲಿ ಆಟೋ ಹತ್ತಿದೆ.

ಜಯನಗರದ ನಮ್ಮ ಮುಂದಿನ ರೂಮಿನ ಮಂಚದ ಮೇಲೆ ಅವರನ್ನು ಮಲಗಿಸಿ ಅಡುಗೆಮನೆಗೆ ಬಂದರೆ, ಸೀತಾಲಕ್ಷ್ಮಿ ಸೌಟು ಹಿಡಿದು ಶಿಲೆಯಾಗಿದ್ದಳು.

“ಅಲ್ಲಾರೀ, ಆ ಮನೇಲಿ ಹೋದ್ರೆ ಆ ಮನೆಗೆ ಬೀಗ. ಸರಿ. ಈ ಮನೇಲಿ ಹೋದ್ರೆ?”

ಕುಕ್ಕರು ಕೂಡ ಕೂಗುವುದನ್ನು ನಿಲ್ಲಿಸಿತು.

“ಈ ಮನೆಗೆ... ಬೀಗ.”

“ನಾವೆಲ್ಲಿಗೆ ಹೋಗೋದು?”

“ಹನುಮಂತನಗರಕ್ಕೆ?”

“ಅಲ್ಲಿ ಅವರ ಸಾಮಾನಿದೆ. ಅವರಿಗೇ ಬಾಡಿಗೆ ಕೊಟ್ಟು ಮೂಲೇಲಿ ಇರೋಣ್ವಾ?”

“ಹಾಗಾದ್ರೆ ವಾಪಸು ಬಿಟ್ಟು ಬರ್ಲಾ?”

“ನಿಮಗೆ ಮನುಷ್ಯತ್ವ ಅನ್ನೋದಿದೆಯೇನ್ರೀ? ದಾರೀಲಿ ಆಟೋದಲ್ಲೇ ಏನಾದ್ರೂ ಆದ್ರೆ?”

ಆಟೋಗೆ ಎಷ್ಟು ತಿಂಗಳು ಬೀಗ ಹಾಕಬೇಕೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೀಗೆ ಶುರುವಾಯಿತು ಬಾಡಿಗೆದಾರರ ಪ್ರಾಣರಕ್ಷಣಾ ಮಹಾಯಜ್ಞ. ಮೆಣಸಿನ ಸಾರು, ಗಂಜಿ, ಹಬೆ, ಅಮೃತಬಳ್ಳಿ ಕಷಾಯ. ನನ್ನ ಹೆತ್ತ ತಾಯಿಗೆ ನಾನು ಇಷ್ಟು ಹೊತ್ತಿಗೆ ಸರಿಯಾಗಿ ಗುಳಿಗೆ ಕೊಟ್ಟವನಲ್ಲ. ಅವರ ಬಿಳಿ ಹೊದಿಕೆಯನ್ನು ಸೀತಾಲಕ್ಷ್ಮಿ ಒಗೆಯುವ ನೆಪದಲ್ಲಿ ಬಚ್ಚಿಟ್ಟು, ಹೊಟ್ಟೆಗಿಂತ ಮೇಲೆ ಬಾರದ ಒಂದು ಟವೆಲು ಕೊಟ್ಟಳು. ಅವರು ಟವೆಲನ್ನು ಮುಖಕ್ಕೆ ಎಳೆದುಕೊಂಡರೆ ಹೊಟ್ಟೆ ಬರಿದಾಗುತ್ತಿತ್ತು, ಹೊಟ್ಟೆಗೆ ಎಳೆದರೆ ಮುಖ. ನಮಗೆ ಬೇಕಾಗಿದ್ದೂ ಅದೇ. ನಾನು ರಜೆ ಹಾಕಿ ಪಕ್ಕದಲ್ಲಿ ಕುಳಿತು ಎದೆ ಏರಿಳಿಯುವುದನ್ನು ಶೇರುಪೇಟೆಯವರಂತೆ ನೋಡುತ್ತಿದ್ದೆ.

ಒಂದು ಸಂಜೆ ಸುತ್ತಿಬಳಸಿ ಕೇಳಿದೆ: “ಸಾರ್, ನಿಮ್ಮಲ್ಲಿ ಈ ನಕ್ಷತ್ರ ಗಿಕ್ಷತ್ರ...”

“ನಮ್ಮಲ್ಲಿ ಅದೆಲ್ಲ ನೋಡಲ್ಲ ಸಾರ್. ಶಿವನ ಪಾದ ಸೇರೋಕೆ ಎಲ್ಲಾ ದಿನಾನೂ ಒಳ್ಳೇ ದಿನವೇ.”

ಎಂಥ ಬೇಜವಾಬ್ದಾರಿ! ದಿನ ನೋಡದ ಮನುಷ್ಯ ಯಾವ ದಿನ ಬೇಕಾದರೂ ಹೊರಟುಬಿಡಬಹುದಲ್ಲ! ಅವರು ಮಾತ್ರ ಕಿಟಕಿಯ ಕಡೆ ನೋಡುತ್ತ ಹೇಳಿದರು:

“ನಮ್ಮನೆಯವಳು ಅದೇ ಹನುಮಂತನಗರದ ಮನೇಲೇ ಹೋದ್ಲು. ನಾನು ಹಾಲು ತರೋಕೆ ಹೋಗಿದ್ದೆ. ಬರೋಷ್ಟರಲ್ಲಿ ಮುಗಿದೋಗಿತ್ತು. ಒಬ್ಬಳೇ.”

ನನ್ನ ನಾಲಗೆಗೆ ಹುಳ ಬೀಳಲಿ, “ಯಾವ ನಕ್ಷತ್ರ?” ಎಂದು ಕೇಳಿಬಿಟ್ಟೆ.

“ಮಂಗಳವಾರ,” ಎಂದರು ಅವರು.

ಬಾಗಿಲಲ್ಲಿ ಕಷಾಯದ ಲೋಟ ಹಿಡಿದು ನಿಂತಿದ್ದ ಸೀತಾಲಕ್ಷ್ಮಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆದರೆ ಕಾಗದ ಸುಟ್ಟುಹೋದೀತು. ಅಂದಿನಿಂದ ಸಾರಿಗೆ ತುಪ್ಪ ಬಿತ್ತು. ಅವರ ಲೋಟಕ್ಕೆ ಮೊದಲು ಕಾಫಿ, ಉಳಿದರೆ ನನಗೆ. ಶನಿವಾರ ತಿಪಟೂರಿನಿಂದ ಅವರ ತಂಗಿಯ ಮಗಳು ಶ್ರೀದೇವಿ ನೋಡಲು ಬಂದಳು. ರೂಮಿನಲ್ಲಿ ಇಬ್ಬರೂ ಏನೋ ಮಾತಾಡಿಕೊಂಡರು. ಅವಳು ಹನುಮಂತನಗರದ ಮನೆ ಬೀಗದ ಕೈ ಇಸಿದುಕೊಂಡು, ನಮ್ಮಿಬ್ಬರ ಕಾಲಿಗೂ ನಮಸ್ಕಾರ ಮಾಡಿ ಹೋದಳು. ಎರಡು ಬಟ್ಟೆ ತಂದುಕೊಡಲಿಕ್ಕೆ ಇರಬೇಕು ಎಂದುಕೊಂಡೆ.

ಕೊನೆಗೂ ರೇವತಿ ಕಳೆಯಿತು. ಪಂಚಕ ಮುಗಿಯಿತು! ಐದು ನಕ್ಷತ್ರಗಳನ್ನು ಬರಿಗೈಯಲ್ಲಿ ಸೋಲಿಸಿದ ವೀರ ಈ ರಾಮಪ್ರಸಾದ. ಬೆಳಗ್ಗೆ ಸಿದ್ದಲಿಂಗಯ್ಯನವರು ಮಂಚದ ಮೇಲೆ ಎದ್ದು ಕುಳಿತು ನಾಲ್ಕನೆಯ ದೋಸೆ ಮುರಿಯುತ್ತಿದ್ದರು. ಕೆನ್ನೆಗೆ ಬಣ್ಣ ಬಂದಿತ್ತು. ಅಷ್ಟು ದಿನ ರಜೆ ಹಾಕಿ ಕಾದ ನನ್ನ ಕೆನ್ನೆಯದು ಹೋಗಿತ್ತು. ವಿಜಯೋತ್ಸವದ ದನಿಯಲ್ಲಿ ಕೇಳಿದೆ:

“ಸಾರ್, ಈಗ ನೀವು ಕಲ್ಲುಗುಂಡು. ಸಾಯಂಕಾಲ ಹನುಮಂತನಗರಕ್ಕೆ ಬಿಟ್ಟು ಬರ್ಲಾ?”

“ಆ ಮನೆ ಖಾಲಿ ಮಾಡ್ಬಿಟ್ಟೆ ಸಾರ್,” ಎಂದು ಅವರು ಚಟ್ನಿ ಹಚ್ಚಿಕೊಂಡರು. “ಶ್ರೀದೇವಿ ನೆನ್ನೆ ಟೆಂಪೋದಲ್ಲಿ ಸಾಮಾನೆಲ್ಲ ತಿಪಟೂರಿಗೆ ಸಾಗಿಸಿದ್ಲು. ಬೀಗದ ಕೈ ಸಪ್ಪಲಮ್ಮನ ಹತ್ರ ಇದೆ.”

“ಖಾಲೀನಾ? ಮತ್ತೆ ನೀವು... ತಿಪಟೂರಿಗಾ?”

“ಇಲ್ಲ, ಇಲ್ಲೇ. ಈ ರೂಮಿಗೆ ಬಾಡಿಗೆ ಎಷ್ಟು ಅಂತ ಅಮ್ಮಾವ್ರು ಹೇಳ್ತೀನಿ ಅಂದಿದಾರೆ. ಹೋಗೋದಂತೂ ಹೋಗ್ಲೇಬೇಕಲ್ಲ ಸಾರ್. ಜನ ಇರೋ ಮನೇಲಿ ಹೋಗೋಣ ಅಂತ.”

ನಾನು ಅಮ್ಮಾವ್ರ ಕಡೆ ತಿರುಗಿದೆ. ಅಮ್ಮಾವ್ರು ಐದನೆಯ ದೋಸೆಯನ್ನು ಅವರ ತಟ್ಟೆಗೆ ಹಾಕುತ್ತಿದ್ದರು.

“ಸೀತಾ! ಪಂಚಕ?” ಎಂದು ನಾನು ಪಿಸುಗುಟ್ಟಿದ್ದು ಪಿಸುಮಾತಾಗಿ ಹೊರಬರಲಿಲ್ಲ.

“ಅದು ತಿಂಗಳು ತಿಂಗಳೂ ಬರುತ್ತೆ ಕಣ್ರೀ,” ಎಂದಳು ಅವಳು, ಹಾಲಿನವನು ಬರುತ್ತಾನೆ ಎನ್ನುವಷ್ಟು ಸಲೀಸಾಗಿ.

ಸಿದ್ದಲಿಂಗಯ್ಯನವರು ನನ್ನ ಮುಖ ನೋಡಿ, ಕೈಯಲ್ಲಿದ್ದ ದೋಸೆಯನ್ನು ತಟ್ಟೆಗಿಟ್ಟು, ನನಗೆ ಸಮಾಧಾನ ಹೇಳಿದರು:

“ಬರ್ಲಿ ಬಿಡಿ ಸಾರ್. ನಾನು ಇಲ್ಲೇ ಇರ್ತೀನಲ್ಲ.”