ಎಂಟು ಸೆಂಟಿಮೀಟರ್ ಕೊಸರು

ಒಂದು ಸೈಕಲ್ ಫ್ರೇಮಿಗೆ ನಾನು ಹದಿನೈದು ಸಾವಿರ ರೂಪಾಯಿ ಕೊಟ್ಟಿದ್ದೇನೆ. ಗಾಲಿಯಿಲ್ಲ, ಸೀಟಿಲ್ಲ, ಪೆಡಲಿಲ್ಲ. ಬರೀ ಎಲುಬಿನ ಗೂಡು. ಅದರಲ್ಲಿ ಅರ್ಧ ಫ್ರೇಮಿನ ಬೆಲೆ. ಉಳಿದರ್ಧ ನನ್ನ ಜಾಣತನದ್ದು.

ಮಗಳು ಶಿವಲೀಲಾ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ರೇಸ್ ಸೈಕಲ್ಲಿನ ಹುಚ್ಚು. ಭಾನುವಾರ ನಾರಾಯಣಪೇಟೆಯಲ್ಲಿ ಜಿಲ್ಲಾ ತಂಡದ ಆಯ್ಕೆ ಎನ್ನುವಾಗ ಅವಳ ಹಳೆಯ ಫ್ರೇಮು ಬೆಸುಗೆಯ ಬಳಿ ಸೀಳಿಹೋಯಿತು. ಗಾಲಿ, ಹ್ಯಾಂಡಲ್ ಗಟ್ಟಿಯಿವೆ, ಅಲ್ಯೂಮಿನಿಯಮ್ಮಿನ ಹಗುರ ಫ್ರೇಮೊಂದು ಸಿಕ್ಕರೆ ಸಾಕು, ಗದ್ವಾಲಿನಲ್ಲಿ ಒಬ್ಬರು ಹಳೆಯವನ್ನು ಮಾರುತ್ತಾರೆ ಎಂದಳು. ತಾನೂ ಬರುತ್ತೇನೆ ಎಂದಳು. ನಾನು ಬೇಡವೆಂದೆ. ಆಸೆಯ ಮುಖ ಕಂಡರೆ ಅಂಗಡಿಯವನು ಬೆಲೆ ಏರಿಸುತ್ತಾನೆ. ಇದು ವ್ಯಾಪಾರದ ಮೊದಲ ಪಾಠ.

ಅಲ್ಲದೆ ನಮ್ಮೂರು ಮಕ್ತಲಿನ ಪೇಟೆಯಲ್ಲಿ ನನ್ನದೇ ಪಾತ್ರೆ ಅಂಗಡಿಯಿದೆ. ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿ ಕಟ್ಟಿದ ಅಂಗಡಿ. ನಮ್ಮ ಕಡೆ ಅಲ್ಯೂಮಿನಿಯಮ್ಮಿಗೆ ಜರ್ಮನ್ ಅನ್ನುತ್ತೇವೆ. ಜರ್ಮನ್ ಬೋಗುಣಿಯನ್ನು ಬೆರಳಲ್ಲಿ ತಟ್ಟಿ ತೂಕ ಹೇಳಬಲ್ಲವನಿಗೆ ಸೈಕಲ್ ಫ್ರೇಮು ಯಾವ ಲೆಕ್ಕ!

ಗದ್ವಾಲಿನ ಅಂಗಡಿಯಾತನನ್ನು ಗಂಭೀರವಾಗಿ ಕೇಳಿದೆ: “ಜರ್ಮನ್ ಫ್ರೇಮು ಐತೇನ್ರಿ?”

“ಜರ್ಮನ್ ಲೇದು ಸಾವ್ಕಾರ್ರ, ತೈವಾನ್ ಐತಿ” ಎಂದ ಆತ, ತೆಲುಗು ಬೆರೆಸಿ.

ಈ ಗೊಂದಲ ಬಗೆಹರಿಯುವಷ್ಟರಲ್ಲಿ ಚಹಾ ಬಂತು. ಆಮೇಲೆ ಆತ ಗೋಡೆಯ ಮೊಳೆಯಿಂದ ಬಿಳಿ ಫ್ರೇಮೊಂದನ್ನು ಇಳಿಸಿ ನನ್ನ ಮುಂದಿಟ್ಟ. ನಾನು ಸೊಂಟ ಗಟ್ಟಿ ಮಾಡಿಕೊಂಡು ಎತ್ತಿದರೆ ಅದು ತಲೆಯ ಮೇಲಿನ ಫ್ಯಾನಿಗೆ ತಾಗುವುದರಲ್ಲಿತ್ತು! ಕಿರುಬೆರಳಿಗೆ ಸಿಕ್ಕಿಸಿದೆ. ನಿಂತಿತು. ದೇವರೇ, ಇದು ಲೋಹವೋ, ಹಕ್ಕಿಯ ರೆಕ್ಕೆಯೋ! ಇಷ್ಟು ವರ್ಷ ಜರ್ಮನ್ ಮಾರಿದವನು ಅದರ ಈ ಅವತಾರವನ್ನು ಮೊದಲ ಸಲ ಕಾಣುತ್ತಿದ್ದೆ.

ಬೆರಗನ್ನು ಮುಖಕ್ಕೆ ಬರಗೊಡದೆ, ಹಗುರವಿದೆ, ಆದ್ದರಿಂದ ಅಗ್ಗವಾಗಬೇಕು ಎಂದು ವಾದಿಸಿದೆ. ಹಗುರವಾದಷ್ಟೂ ತುಟ್ಟಿ ಎಂದ ಆತ. ಪಕ್ಕದ ಭಾರದ ಫ್ರೇಮು ಅರ್ಧ ಬೆಲೆಯಂತೆ! ನನ್ನ ಅಂಗಡಿಯಲ್ಲಿ ತಕ್ಕಡಿ ಇಳಿದಷ್ಟೂ ದುಡ್ಡು. ಇಲ್ಲಿ ಏರಿದಷ್ಟೂ ದುಡ್ಡು. ಆ ಶಾಸ್ತ್ರಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಆದರೆ ಚೌಕಾಸಿ ಬಿಡಲಿಲ್ಲ. ಯಾವ ಕಾರಣಕ್ಕೂ ವಾಪಸ್ ತರುವುದಿಲ್ಲ ಎಂದು ಮಾತು ಕೊಟ್ಟು ಒಂಬತ್ತು ಸಾವಿರವನ್ನು ಏಳಕ್ಕಿಳಿಸಿದೆ. ಆಮೇಲೆ ಕೊಸರು ಕೇಳಿದೆ. ಪಾವು ಕಿಲೋ ಮೆಣಸಿನಕಾಯಿ ಕೊಂಡರೂ ಮೇಲೊಂದು ಹಿಡಿ ಹಾಕಿಸಿಕೊಳ್ಳದೆ ನಾವು ಅಂಗಡಿ ಬಿಡುವವರಲ್ಲ. ಫ್ರೇಮಿಗೆಂಥ ಕೊಸರು ಎಂದು ಆತ ನಕ್ಕ. ಅಷ್ಟರಲ್ಲಿ ನನ್ನ ಕಣ್ಣಿಗೆ ಬಿತ್ತು: ಈ ಫ್ರೇಮಿನ ಮೇಲೆ ಐವತ್ತು ಎಂದಿದೆ. ಅಂಥದೇ ಇನ್ನೊಂದರ ಮೇಲೆ ಐವತ್ತೆಂಟು! ಅದು ಸೆಂಟಿಮೀಟರಿನ ಅಳತೆ ಎಂದ. ಬೆಲೆ?

“ಎರಡಕ್ಕೂ ಒಂದ ರೇಟ್ರಿ. ಓಡ್ಸೋರು ಎಷ್ಟು ಎತ್ತರ ಅದಾರ?”

ಪ್ರಶ್ನೆ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅದೇ ದುಡ್ಡಿಗೆ ಎಂಟು ಸೆಂಟಿಮೀಟರ್ ಹೆಚ್ಚು! ಕೊಸರು ತಾನಾಗಿ ಗೋಡೆಗೆ ನೇತುಬಿದ್ದಿದೆ! ದೊಡ್ಡದನ್ನೇ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಮಕ್ತಲಿನ ಮೆಕ್ಯಾನಿಕ್ ಗಾಲಿ, ಹ್ಯಾಂಡಲ್ ಜೋಡಿಸಿಕೊಟ್ಟ. ಓಣಿಯವರು ಸರದಿಯಲ್ಲಿ ಬಂದು ಎತ್ತಿ ನೋಡಿ ಬಾಯಿ ತೆರೆದರು. ಶಿವಲೀಲಾ ಹತ್ತಿದಳು. ಸೀಟನ್ನು ತಳಕ್ಕಿಳಿಸಿದರೂ ಪೆಡಲಿಗೆ ಕಾಲ್ಬೆರಳ ತುದಿಯಷ್ಟೇ ತಾಗುತ್ತದೆ. ಹ್ಯಾಂಡಲ್ ಹಿಡಿಯಬೇಕೆಂದರೆ ಬಾವಿಗೆ ಬಗ್ಗಿದಂತೆ ಬಗ್ಗಬೇಕು. ನಿಲ್ಲಿಸಲು ಹೋದಾಗ ಕಾಲು ನೆಲಕ್ಕೆ ಸಿಗದೆ ನನ್ನ ಮೇಲೆ ಒರಗಿದಳು. ನಾನು ಪಕ್ಕದ ಮನೆಯ ಎಮ್ಮೆಯ ಮೇಲೆ ಒರಗಿದೆ. ಎಮ್ಮೆ ಯಾರ ಮೇಲೂ ಒರಗಲಿಲ್ಲ. ನಡೆದುಬಿಟ್ಟಿತು!

ಹೆಂಡತಿ ಬಸಮ್ಮ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. “ಬೆಳೆಯೋ ಹುಡುಗಿ ಅಂತ ದೊಡ್ಡದು ತಂದೀರೇನ್ರಿ, ಸಾಲಿ ಅಂಗಿ ತಂದಂಗ?”

ಶಿವಲೀಲಾ ನಗಲಿಲ್ಲ. “ಅಪ್ಪಾ, ಆಯ್ತವಾರದ ಆಯ್ಕೆಗೆ ನಾನು ಏನ್ ಹತ್ತಿ ಹೋಗ್ಲಿ?”

ಮರುದಿನ ಇಬ್ಬರೂ ಗದ್ವಾಲಿಗೆ ಹೋದೆವು. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯಾತ ನಾನು ಕೊಟ್ಟ ಮಾತನ್ನು ನೆನಪಿಸಿದ. ಐವತ್ತರ ಫ್ರೇಮಿಗೆ ಬೇರೊಬ್ಬ ಗಿರಾಕಿ ಬರುವವನಿದ್ದಾನೆ ಎಂದ. ಇದು ನಾನೂ ದಿನಾ ಹೇಳುವ ಸುಳ್ಳು. ಆದರೂ ನಂಬಿದೆ. ಅಂಗಿಯ ತೋಳು ಮಡಚಿ ಚೌಕಾಸಿಗೆ ಕುಳಿತೆ.

“ಅಪ್ಪಾ, ನೀವು ಸ್ವಲ್ಪ ಹೊರಗ ನಿಂದರ್ರಿ” ಎಂದಳು ಮಗಳು.

ನಿಂತೆ. ಅವಳು ಐವತ್ತರ ಫ್ರೇಮನ್ನು ಬಿಸಿಲಿಗೆ ಹಿಡಿದಳು, ಬೆಸುಗೆಗಳ ಮೇಲೆ ಉಗುರು ಎಳೆದಳು, ಸೀಟಿನ ಕಂಬ ಇಳಿಸಿ ನೋಡಿದಳು. ಆಯ್ಕೆ ಭಾನುವಾರ ಇದೆ, ಇದೇ ಬೇಕು ಎಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು! ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಆತ ಒಂಬತ್ತು ಸಾವಿರದಲ್ಲಿ ತಾನಾಗಿಯೇ ಒಂದು ಸಾವಿರ ಬಿಟ್ಟಿದ್ದ.

ಭಾನುವಾರ ಅವಳು ನನ್ನ ಮುಂದೆ ಹಾದುಹೋದಾಗ ಸರಪಳಿಯ ಸಣ್ಣ ಸಿರ್ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಚಪ್ಪಾಳೆಗೆ ಎತ್ತಿದ ಕೈ ಹಾಗೆಯೇ ನಿಂತಿತ್ತು. ಇಷ್ಟು ವೇಗದ ಜೀವವೊಂದು ನಮ್ಮ ಮನೆಯಲ್ಲೇ ರೊಟ್ಟಿ ತಿಂದು ಬೆಳೆದಿದೆಯೆಂಬುದನ್ನು ನಂಬಲು ನನಗೆ ಸಂಜೆಯಾಯಿತು. ತಂಡಕ್ಕೆ ಅವಳು ಆಯ್ಕೆಯಾದಳು.

ಆದ್ದರಿಂದ ಓದುಗರೇ, ಕಡಿಮೆ ದುಡ್ಡಿನಲ್ಲಿ ಹಗುರ ಫ್ರೇಮು ಕೊಳ್ಳುವುದಿದ್ದರೆ ಓಡಿಸುವವರನ್ನೇ ಕರೆದೊಯ್ಯಿರಿ. ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ ಕಾಲಿನ ಒಳಬದಿಯ ಅಳತೆ ತೆಗೆಯಿರಿ. ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟು ಬನ್ನಿ. ನಿಮ್ಮ ಹಳೆಯ ಸೀಟಿನ ಕಂಬ ಅದರಲ್ಲಿ ಸರಿಯಾಗಿ ಕೂರಬೇಕು. ಮೊದಲು ಅಳತೆ, ಆಮೇಲೆ ತೂಕ, ಕೊನೆಗೆ ಬೆಲೆ. ನಿಮ್ಮಲ್ಲಿ ಯಾರಾದರೂ ಆರಡಿ ಎತ್ತರದವರಿದ್ದರೆ ದಯವಿಟ್ಟು ಮಕ್ತಲಿಗೆ ಬನ್ನಿ. ನನ್ನ ಅಂಗಡಿಯಲ್ಲಿ ಬೋಗುಣಿಗಳ ನಡುವೆ ಒಂದು ಫ್ರೇಮು ತೂಗುತ್ತಿದೆ.

ನೀವು ಹೇಳಿದ್ದೇ ಬೆಲೆ.